ಎಮ್ಮೆದೊಡ್ಡಿ ಕಾವಲಿನ ನಾಲ್ಕು ಮರಿಗಳು

ಧಾರವಾಡ
18 ನವೆಂಬರ್ 2024

ಶ್ರೀ ವಿಶ್ವಾರಾಧ್ಯ ಅವರಿಗೆ,

ನಮಸ್ಕಾರ. ಆರು ವರ್ಷದ ಮೇಲೆ ನಿಮ್ಮ ಮಗಳು ಸುಮನಾ ಬರೆಯುತ್ತಿರುವ ಕಾಗದ ಇದು. ಮನೆ ವಿಚಾರಕ್ಕಲ್ಲ, ಕೆಲಸಕ್ಕೆ. ಫೋನ್ ಮಾಡಬಹುದಿತ್ತು. ಆದರೆ ಮೂರನೆಯ ಮಾತಿಗೆ ನಮ್ಮಿಬ್ಬರಲ್ಲಿ ಒಬ್ಬರು ಫೋನ್ ಇಟ್ಟುಬಿಡುತ್ತೇವೆ. ಕಾಗದವಾದರೆ ಹರಿದುಹಾಕುವ ಮೊದಲು ಓದಿರಲೇಬೇಕಾಗುತ್ತದೆ.

ನಾನು ಇಲ್ಲಿನ ಪ್ರಯೋಗಾಲಯದಲ್ಲಿ ತೋಳಗಳ ಡಿಎನ್‌ಎ ಪರೀಕ್ಷೆ ಮಾಡುತ್ತೇನೆ. ಸೆಪ್ಟೆಂಬರಿನಲ್ಲಿ ಕಡೂರಿನ ಹತ್ತಿರ ಹೆದ್ದಾರಿಯಲ್ಲಿ ಒಂದು ಗಂಡು ತೋಳ ಲಾರಿಗೆ ಸಿಕ್ಕಿ ಸತ್ತಿತು. ಎಮ್ಮೆದೊಡ್ಡಿ ಕಾವಲಿನಲ್ಲಿ ಮರಿ ಹಾಕುವ ಜೋಡಿ ಇದ್ದದ್ದು ಅದೊಂದೇ. ಈಗ ಹೆಣ್ಣು ಒಂಟಿ, ಜೊತೆಗೆ ಹೋದ ವರ್ಷದ ಮಗಳೊಂದು ಇದೆ. ನಮ್ಮ ಕಡೆ ತೋಳಗಳು ಕೂಡುವುದು ಅಕ್ಟೋಬರಿನ ಸುಮಾರಿಗೆ. ಗಂಡೇ ಇಲ್ಲದ ಮೇಲೆ ಈ ವರ್ಷ ಮರಿ ಇರಬಾರದು. ಆದರೆ ಹೆಣ್ಣು ಬಿಲ ತೋಡುತ್ತಿದೆ ಎಂದು ಅಲ್ಲಿನ ಕುರಿಯವರು ಹೇಳುತ್ತಿದ್ದಾರೆ.

ಅಮೃತ ಮಹಲ್ ದನಗಳ ಹಿಂದೆ ಮೂವತ್ತೊಂದು ವರ್ಷ ಅಲೆದವರು ನೀವು. ಆ ಹುಲ್ಲುಗಾವಲನ್ನು ನಿಮ್ಮಷ್ಟು ಬಲ್ಲವರು ನನಗೆ ಗೊತ್ತಿಲ್ಲ. ವಾರಕ್ಕೊಮ್ಮೆ ಹೋಗಿ ದೂರದಿಂದ ನೋಡಿ, ಕಂಡದ್ದನ್ನು ಬರೆಯಬೇಕು. ತೋಳದ ಲದ್ದಿ ಸಿಕ್ಕಿದರೆ ಇದರ ಜೊತೆಗಿರುವ ಡಬ್ಬಿಗಳಲ್ಲಿ ತುಂಬಿ ಕಳಿಸಬೇಕು. ಕೈಯಲ್ಲಿ ಮುಟ್ಟಬಾರದು, ಚಮಚ ಇಟ್ಟಿದ್ದೇನೆ. ಆಗುವುದಿಲ್ಲವಾದರೆ ಡಬ್ಬಿಗಳನ್ನು ಹಿಂದಕ್ಕೆ ಕಳಿಸಿ.

ಸುಮನಾ


ಅಜ್ಜಂಪುರ
26 ನವೆಂಬರ್ 2024

ಡಾಕ್ಟರ್ ಸುಮನಾ ಅವರಿಗೆ,

ತಮ್ಮ ಅಪ್ಪಣೆ ಚಮಚದ ಸಮೇತ ತಲುಪಿತು. ಮೂವತ್ತೊಂದು ವರ್ಷ ಸಗಣಿ ತುಳಿದವನಿಗೆ ಲದ್ದಿ ಎತ್ತುವುದನ್ನು ಕಲಿಸುವ ಕಾಲ ಬಂತಲ್ಲ, ಶಿವನೇ!

ಹೋಗುತ್ತೇನೆ. ನಿನಗೋಸ್ಕರ ಎಂದು ತಿಳಿಯಬೇಡ, ಕಾವಲಿಗೋಸ್ಕರ. ರಿಟೈರ್ ಆದ ಮೇಲೆ ಇಲ್ಲಿ ಸ್ಟೇಷನ್ ರಸ್ತೆಯ ಬಾಡಿಗೆ ಮನೆಯಲ್ಲಿ ಕೂತು ಹೋಗಿ ಬರುವ ರೈಲು ಎಣಿಸುವುದು ನನಗೂ ಸಾಕಾಗಿದೆ. ಬೀರೂರಿಗೆ ಒಂದು ಬಸ್ಸು, ಅಲ್ಲಿಂದ ಕಡೂರಿಗೆ ಇನ್ನೊಂದು, ಆಮೇಲೆ ಆಟೋ. ಈ ಮಂಡಿಗಳು ಇನ್ನೂ ಅಷ್ಟಕ್ಕೆ ಒಪ್ಪುತ್ತವೆ.

ಒಂದು ವಿಷಯ. ನಿನ್ನ ಪರೀಕ್ಷೆ ಗಿರೀಕ್ಷೆ ಏನೇ ಇರಲಿ, ನನಗೆ ಕಣ್ಣು ಸಾಕು. ಕರು ಎದ್ದು ನಿಂತ ಕೂಡಲೇ ಹೇಳುತ್ತಿದ್ದೆ, ಇದು ತಳಿಗೆ ಸೇರುತ್ತದೆ, ಇದು ಸೇರದು ಎಂದು. ಒಂದು ಸಲವೂ ತಿದ್ದಿಸಿಕೊಂಡವನಲ್ಲ.

ಇನ್ನೊಂದು. 'ಅಲ್ಲಿನ ಕುರಿಯವರು' ಎಂದು ಬರೆದು ಹೆಸರು ನುಂಗಿದ್ದೀಯೆ. ನಿನ್ನ ಗಂಡನ ತಾಯಿ ಕರಿಯಮ್ಮ ಎಂದು ನನಗೆ ಗೊತ್ತಾಗದೆ ಏನು? ಆಕೆಯ ಕುರಿ ರೊಪ್ಪದ ಕಡೆ ನಾನು ತಲೆ ಹಾಕುವುದಿಲ್ಲ.

ವಿಶ್ವಾರಾಧ್ಯ
ನಿವೃತ್ತ ಜಾನುವಾರು ಅಧಿಕಾರಿ


ಅಜ್ಜಂಪುರ
6 ಜನವರಿ 2025

ಸುಮನಾಳಿಗೆ,

ಬಿಲ ಸಿಕ್ಕಿತು. ಹಳೆಯ ಕಟ್ಟೆಯ ಏರಿಯ ಹಿಂದೆ, ಕಾರೆ ಪೊದೆಯ ಬುಡದಲ್ಲಿ ಇದೆ. ಒಳಗೆ ಮರಿಗಳ ಕುಂಯ್ ಕುಂಯ್ ಕೇಳುತ್ತದೆ. ದರಿದ್ರದ್ದು, ಬಿಲ ಕಾಣುವ ಎತ್ತರದ ಜಾಗ ಇರುವುದು ಒಂದೇ, ಅದು ಕರಿಯಮ್ಮನ ರೊಪ್ಪದ ಪಕ್ಕ. ಎರಡು ವಾರ ಬಿಸಿಲಲ್ಲಿ ಸುತ್ತಿ ಬಳಸಿ ಓಡಾಡಿದೆ. ಮೂರನೇ ವಾರ ಆಕೆಯೇ ಕೂಗಿದಳು.

"ಓಹೋ ಬೀಗ್ರು! ಮದ್ವೆ ಆಗಿ ಏಳ್ ವರ್ಸಕ್ಕೆ ದಾರಿ ತಪ್ಪಿ ಬಂದ್ರಾ? ಏನ್ ಹುಡುಕ್ತಿದೀರಾ ಬಗ್ಗಿ ಬಗ್ಗಿ?"

"ತೋಳದ ಲದ್ದಿ."

"ಅಯ್ಯೋ ನನ್ ಶಿವ್ನೇ! ಮನೆ ಬಾಗ್ಲಿಗ್ ಬರ್ದಿರೋ ಬೀಗ್ರು ತೋಳದ್ ಹೇಲ್ ಆರ್ಸೋಕ್ ಬಂದವ್ರೆ!" ಎಂದು ನಕ್ಕು, ಒಂದು ಚೊಂಬು ಮಜ್ಜಿಗೆ ತಂದು ಮುಂದೆ ಹಿಡಿದಳು. "ಕುಡೀರಿ. ನಿಮ್ ತಳಿ ಕೆಡಾಕಿಲ್ಲ."

ಕುಡಿದೆ. ಬಾಯಾರಿಕೆಯಾಗಿತ್ತು, ಅಷ್ಟೆ.

ಈಗ ಮುಖ್ಯ ವಿಷಯ. ಒಂದು ಕೆಂದ ನಾಯಿ ಅಲ್ಲಿ ಸುಳಿಯುತ್ತದೆ. ಬಾಲ ಮೇಲಕ್ಕೆ ಸುರುಳಿ ಸುತ್ತಿದೆ, ಯಾರದೋ ತೋಟದ ಮನೆಯಿಂದ ತಪ್ಪಿಸಿಕೊಂಡು ಬಂದದ್ದು. ತೋಳ ಅದನ್ನು ಅಟ್ಟುವುದಿಲ್ಲ. ದಸರಾ ಆದಾಗಿನಿಂದ ಎರಡೂ ಒಟ್ಟಿಗೇ ತಿರುಗುತ್ತಿದ್ದವು ಎಂದು ಕರಿಯಮ್ಮ ಹೇಳಿದಳು. ಹೋದ ವಾರ ತೋಳ ಆಕೆಯ ಒಂದು ಕುರಿಮರಿ ಒಯ್ದಿತು. ಕಲ್ಲು ಹೊಡೆಯಲಿಲ್ಲವೇ ಎಂದು ಕೇಳಿದೆ. "ವರ್ಸದ್ ಮೊದಲ್ನೇ ಮರಿ ಅದ್ರುದ್ದು ಕಣ್ರೀ, ನಮ್ಮತ್ತೆ ಕಾಲ್ದಿಂದ್ಲೂ ಹಂಗೇಯ. ಎರಡ್ನೇದ್ ಮುಟ್ಲಿ, ಆಮೇಲೈತೆ ಅದ್ಕೆ" ಎಂದಳು.

ಡಬ್ಬಿಗಳು ಆರು ಕಳಿಸಿದ್ದೇನೆ.

ವಿಶ್ವಾರಾಧ್ಯ


ಧಾರವಾಡ
15 ಜನವರಿ 2025

ಅಪ್ಪಾಜಿ,

ಹಾಗೆ ಬರೆಯಬಾರದು ಎಂದುಕೊಂಡೇ ಕೂತೆ. ಕೈ ತಾನೇ ಬರೆದುಬಿಟ್ಟಿತು.

ಡಬ್ಬಿಗಳು ಬಂದವು. ನೀವು ಹೇಳಿದ ನಾಯಿಯ ವಿಷಯ ಓದಿ ನನಗೆ ಹೆದರಿಕೆಯಾಯಿತು. ತೋಳದ ಬಸಿರು ಎರಡು ತಿಂಗಳು. ಅಕ್ಟೋಬರಿನಲ್ಲಿ ಆ ನಾಯಿಯ ಜೊತೆ ಕೂಡಿದ್ದರೆ ಡಿಸೆಂಬರ್ ಕೊನೆಗೆ ಮರಿ, ಸರಿಹೋಗುತ್ತದೆ. ಮರಿಗಳು ಕಣ್ಣು ಬಿಡಲು ಎರಡು ವಾರ ಬೇಕು. ಮೂರು ನಾಲ್ಕು ವಾರಕ್ಕೆ ಬಿಲದ ಬಾಯಿಗೆ ಬರುತ್ತವೆ. ತಾಯಿ ತಿಂದು ಬಂದ ಮಾಂಸವನ್ನು ಕಕ್ಕಿ ಉಣಿಸುತ್ತದೆ. ಗಂಡು ಇದ್ದಿದ್ದರೆ ಅದೂ ತರುತ್ತಿತ್ತು. ನಾಯಿ ತರುವುದಿಲ್ಲ. ಹೋದ ವರ್ಷದ ಮಗಳು ಬಿಟ್ಟುಹೋಗದೆ ಉಳಿದರೆ ಮರಿಗಳು ಬದುಕಿಯಾವು, ಇಲ್ಲದಿದ್ದರೆ ಕಷ್ಟ.

ಬಿಸಿಲಿಗೆ ಟೋಪಿ ಹಾಕಿಕೊಳ್ಳಿ. ಹತ್ತಿರ ಹೋಗಬೇಡಿ, ಬಿಲ ಬದಲಾಯಿಸಿಬಿಡುತ್ತದೆ.

ಸುಮನಾ


ಅಜ್ಜಂಪುರ
12 ಫೆಬ್ರವರಿ 2025

ಸುಮನಾ,

ಮರಿಗಳು ಹೊರಗೆ ಬಂದಿವೆ. ನಾಲ್ಕು. ಮೂರು ಬೂದು ಬಣ್ಣ, ಒಂದು ಕೆಂಚು. ಕೆಂಚನದು ಬಾಲ ಸುರುಳಿ, ಮುಂಗಾಲಿನ ಬೆರಳು ಬಿಳಿ. ಕಂಡ ಕೂಡಲೇ ನನ್ನ ಕಣ್ಣು ತನ್ನ ಕೆಲಸ ಮಾಡಿತು. ಬೆರಕೆ. ಆದರೆ ಹೇಳಿಕೊಳ್ಳುವ ಮನಸ್ಸಾಗಲಿಲ್ಲ.

ಅವುಗಳ ಅಕ್ಕ ಬಿಟ್ಟುಹೋಗಿಲ್ಲ. ತಾಯಿ ಬೇಟೆಗೆ ಹೋದಾಗ ಅದೇ ಕಾಯುತ್ತದೆ. ಮರಿಗಳು ಅದರ ಕಿವಿ ಕಚ್ಚಿ ಎಳೆಯುತ್ತವೆ, ಪಾಪದ್ದು ಮುಖ ಅತ್ತ ತಿರುಗಿಸಿಕೊಂಡು ಸಹಿಸುತ್ತದೆ. ಮೊನ್ನೆ ತಾಯಿ ಬಂದು ಒಂದು ಇಡೀ ಮೊಲವನ್ನೇ ಕಕ್ಕಿತು. ನಾಲ್ಕೂ ಮುಗಿಬಿದ್ದವು. ಕೆಂಚ ಎಲ್ಲರ ಬೆನ್ನ ಮೇಲೆ ಹತ್ತಿ ತಿಂದ. ಮಧ್ಯಾಹ್ನವಾದದ್ದು ತಿಳಿಯಲಿಲ್ಲ, ಕಡೂರು ಬಸ್ಸು ತಪ್ಪಿತು. ಕರಿಯಮ್ಮ ರೊಟ್ಟಿ ಕೊಟ್ಟಳು. ಹುಚ್ಚೆಳ್ಳು ಚಟ್ನಿ ಚೆನ್ನಾಗಿತ್ತು.

ಆಗ ಆಕೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ನಿನ್ನ ಮಗಳು, ಸ್ಕೂಲ್ ಬ್ಯಾಗ್ ಹಾಕಿಕೊಂಡು ನಿಂತಿದ್ದಳು. ಹೆಸರು ಶರಣ್ಯಾ ಅಂತೆ. ಮೂಗು ನಿನ್ನ ಅಮ್ಮನದು. ನಿನ್ನ ಅಮ್ಮ ಇದ್ದಿದ್ದರೆ ನೋಡುತ್ತಿದ್ದಳು.

ಒಂದು ಪ್ರಶ್ನೆ. ಇಷ್ಟು ದಿನ ನೋಡಿದೆ. ಕೆಂಚ ತೋಳದ ಹಾಗೆ ಹೊಂಚುತ್ತಾನೆ, ತೋಳದ ಹಾಲು ಕುಡಿದಿದ್ದಾನೆ. ನಾಯಿ ಎಲ್ಲಿ ಮುಗಿದು ತೋಳ ಎಲ್ಲಿ ಶುರುವಾಗುತ್ತದೆ ಎಂದು ನಿನ್ನ ಶಾಸ್ತ್ರದವರು ಹೇಗೆ ತೀರ್ಮಾನ ಮಾಡುತ್ತಾರೆ?

ವಿಶ್ವಾರಾಧ್ಯ


ಧಾರವಾಡ
4 ಮಾರ್ಚ್ 2025

ಅಪ್ಪಾಜಿ,

ಹೋದ ತಿಂಗಳು ನೀವು ಕಳಿಸಿದ ಮರಿಗಳ ಲದ್ದಿಯ ಫಲಿತಾಂಶ ಬಂದಿದೆ. ನಾಲ್ಕೂ ಮರಿಗಳ ತಂದೆ ನಾಯಿ. ಬೂದು ಬಣ್ಣದವೂ ಅಷ್ಟೇ, ಕೆಂಚನಷ್ಟೇ ಬೆರಕೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ನೀವು ಕೇಳಿದ್ದಕ್ಕೆ ನಮ್ಮ ಹತ್ತಿರ ಒಂದೇ ಉತ್ತರವಿಲ್ಲ. ಎರಡು ಪ್ರಾಣಿ ಕೂಡಿ ಹುಟ್ಟಿದ ಮರಿಗೂ ಮುಂದೆ ಮರಿಯಾದರೆ ಅವು ಒಂದೇ ಪ್ರಭೇದ ಎನ್ನುವುದು ಬಹಳ ದಿನದ ಅಳತೆ. ಅದನ್ನು ಹಿಡಿದರೆ ನಾಯಿ ತೋಳ ಎರಡೂ ಒಂದೇ. ನಾಯಿ ಹುಟ್ಟಿದ್ದೇ ಹಳೆಯ ಕಾಲದ ತೋಳದಿಂದ. ಕೆಲವರು ಬುರುಡೆ, ಹಲ್ಲು ಅಳೆಯುತ್ತಾರೆ. ಕೆಲವರು ವಂಶ ಎಲ್ಲಿ ಕವಲೊಡೆಯಿತು ಎಂದು ಹುಡುಕುತ್ತಾರೆ. ಹಾಗೆ ನೋಡಿದರೆ ನಮ್ಮ ಬಯಲಿನ ತೋಳ ತುಂಬ ಹಳೆಯ ಕವಲು, ಅದನ್ನು ಬೇರೆಯೇ ಪ್ರಭೇದ ಎನ್ನಬೇಕು ಎಂದು ವಾದಿಸುವವರಿದ್ದಾರೆ. ಇನ್ನು ಕೆಲವರು ಬದುಕುವ ರೀತಿ ನೋಡುತ್ತಾರೆ. ಗೆರೆ ಎಳೆಯುವವರು ನಾವು. ತೋಳಕ್ಕೆ ಆ ಗೆರೆ ಗೊತ್ತಿಲ್ಲ. ಆದರೂ ಎಳೆಯಬೇಕಾಗುತ್ತದೆ, ಯಾವುದು ಮುಗಿದುಹೋಗುತ್ತಿದೆ ಎಂದು ತಿಳಿಯುವುದಕ್ಕೆ.

ದೇಶದಲ್ಲೆಲ್ಲ ಸೇರಿ ಇರುವ ತೋಳ ಮೂರು ಸಾವಿರದ ಆಸುಪಾಸು. ಈ ಮರಿಗಳು ದೊಡ್ಡವಾಗಿ, ಒಂದೆರಡು ವರ್ಷಕ್ಕೆ ಜೋಡಿ ಹುಡುಕಿಕೊಂಡು ಹೊರಟರೆ, ನಾಲ್ಕಾರು ತಲೆಮಾರಿನಲ್ಲಿ ಈ ಸೀಮೆಯಲ್ಲಿ ತೋಳ ಎನ್ನುವುದೇ ಉಳಿಯುವುದಿಲ್ಲ. ಮರಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಆವರಣದಲ್ಲಿ ಸಾಕಬೇಕು ಎಂದು ಅರಣ್ಯ ಇಲಾಖೆಗೆ ವರದಿ ಬರೆದಿದ್ದೇನೆ. ಬರೆದು ಎರಡು ದಿನ ಊಟ ಸೇರಲಿಲ್ಲ.

ಶರಣ್ಯಾಳ ಮೂಗು ಅಮ್ಮನದು ಎಂದು ಬರೆದಿದ್ದೀರಿ. ಮೂರು ತಿಂಗಳಿದ್ದಾಗಲೂ ಅವಳಿಗೆ ಅದೇ ಮೂಗು ಇತ್ತು. ಆಗ ಅವಳ ಫೋಟೋ ಕಳಿಸಿದ್ದೆ. ನೀವು ಹಿಂದಕ್ಕೆ ಕಳಿಸಿದಿರಿ. ಬೆನ್ನಿಗೆ ಕೆಂಪು ಶಾಯಿಯಲ್ಲಿ, ತಳಿ ಪುಸ್ತಕದಲ್ಲಿ ಕರುಗಳ ಮುಂದೆ ಬರೆಯುತ್ತಿದ್ದ ಹಾಗೇ ಬರೆದಿದ್ದಿರಿ: 'ತಳಿಗೆ ಸೇರದು'. ಕೆಳಗೆ ನಿಮ್ಮ ಸಹಿ, ತಾರೀಖು. ನನ್ನ ಗಂಡ ಬೀರೇಶ ಅದನ್ನು ನೋಡಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಈ ಆರು ವರ್ಷದಲ್ಲಿ ನಾನು ಮರೆತಿದ್ದೇನೆ ಎಂದು ನಿಮಗೆ ಅನಿಸಬಾರದು, ಅದಕ್ಕೇ ಬರೆದೆ.

ಸುಮನಾ


ಅಜ್ಜಂಪುರ
13 ಮಾರ್ಚ್ 2025

ಸುಮನಾ,

ಹೌದು, ಬರೆದೆ. ನಮ್ಮ ಮನೆತನ ಎಂಥದ್ದು, ಮಠದ ಭಕ್ತರು, ನನ್ನ ಮಗಳು ತರೀಕೆರೆಗೆ ಹೋಗಿ ರಿಜಿಸ್ಟರ್ ಮದುವೆಯಾಗಿ ಕುರಿ ಕಾಯುವವರ ಮನೆ ಸೇರಿದಳು ಎಂದು ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಕೈಗೆ ಸಿಕ್ಕಿದ್ದು ಆ ಮಾತು, ಬರೆದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಬರೆದದ್ದು ಎಲ್ಲಿಗೂ ಹೋಗುವುದಿಲ್ಲ.

ಅದಿರಲಿ. ಈಗ ಕೆಂಪು ಶಾಯಿ ನಿನ್ನ ಕೈಯಲ್ಲಿದೆ. ನಾನು ಒಂದು ಮಗುವಿಗೆ ಮಾಡಿದ್ದನ್ನು ನೀನು ನಾಲ್ಕು ಮರಿಗೆ ಮಾಡಬೇಡ. ತಳಿ ಶುದ್ಧವಾಗಿರಬೇಕು, ಇಲ್ಲದಿದ್ದರೆ ನಾಲ್ಕು ತಲೆಗೆ ಮುಗಿಯಿತು ಎಂದು ನನಗೆ ಪಾಠ ಹೇಳುತ್ತೀಯಲ್ಲ, ಆ ಪಾಠ ನಿನಗೆ ಹೇಳಿಕೊಟ್ಟವನೇ ನಾನು! ಕರುಗಳ ಬೆನ್ನು ನೇವರಿಸುತ್ತಾ ನನ್ನ ಹಿಂದೆ ಹಿಂದೆ ಬರುತ್ತಿದ್ದೆ, ಎಂಟು ವರ್ಷದವಳು. ಈಗ ಅದೇ ಬಾಯಲ್ಲಿ ಹೇಳುತ್ತಿದ್ದೇನೆ, ಬಿಟ್ಟುಬಿಡು. ಕೆಂಚ ನಿನ್ನೆ ಮೊದಲ ಸಲ ತಾನೇ ಒಂದು ಹೆಗ್ಗಣ ಹಿಡಿದ. ತಾಯಿ ಅವನ ಮುಖ ನೆಕ್ಕಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ತಾಯಿಗೆ ತನ್ನ ಮರಿ ಬೆರಕೆ ಎಂದು ಯಾರು ಹೇಳಬೇಕು?

ವರದಿ ಹಿಂದಕ್ಕೆ ತೆಗೆದುಕೋ. ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ಅಪ್ಪ


ಧಾರವಾಡ
21 ಮಾರ್ಚ್ 2025

ಅಪ್ಪಾಜಿ,

ನನ್ನ ಮಗಳನ್ನು ನೀವು ಪ್ರಾಣಿಗಳ ಸಾಲಿನಲ್ಲಿ ನಿಲ್ಲಿಸಿದ್ದು ಇದು ಎರಡನೇ ಸಲ. ಆಗ ಬೈಯುವುದಕ್ಕೆ, ಈಗ ಮರುಗುವುದಕ್ಕೆ. ಎರಡೂ ನನಗೆ ಒಂದೇ.

ತೋಳಕ್ಕೂ ನಾಯಿಗೂ ನಡುವೆ ಒಂದು ಗೆರೆ ಇದೆ, ಅದು ಎಲ್ಲಿ ಎಂದು ನಾವು ಜಗಳವಾಡುತ್ತೇವೆ. ಮನುಷ್ಯರ ನಡುವೆ ಯಾವ ಅಳತೆ ಹಿಡಿದರೂ ಅಂಥ ಗೆರೆ ಇಲ್ಲ. ಕರಿಯಮ್ಮತ್ತೆಯ ರಕ್ತ, ನಿಮ್ಮ ರಕ್ತ ಎರಡನ್ನೂ ತಂದು ಕೊಟ್ಟರೆ ಯಾವುದು ಯಾರದ್ದು ಎಂದು ಹೇಳಲು ನನಗೆ ಡಬ್ಬಿಯ ಮೇಲಿನ ಚೀಟಿ ಬೇಕಾಗುತ್ತದೆ. ನೀವು ಆ ಫೋಟೋದ ಹಿಂದೆ ಬರೆದದ್ದು ಕಠಿಣ ಮಾತು ಮಾತ್ರವಲ್ಲ, ಅದು ಸುಳ್ಳು. ನಾನು ವರದಿಯಲ್ಲಿ ಬರೆದದ್ದು ಕಠಿಣ, ಆದರೆ ನಿಜ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಏಪ್ರಿಲ್ ಕೊನೆಗೆ ಹಿಡಿಯುವವರು ಬರುತ್ತಾರೆ. ಜಾಗ ತೋರಿಸುವುದು ಬಿಡುವುದು ನಿಮಗೆ ಸೇರಿದ್ದು.

ಸುಮನಾ


ಅಜ್ಜಂಪುರ
3 ಮೇ 2025

ಸುಮನಾ,

ಆರು ವಾರ ನಿನಗೆ ಬರೆಯಲಿಲ್ಲ. ಕಾವಲಿಗೆ ಮಾತ್ರ ತಪ್ಪದೆ ಹೋದೆ.

ಬುಧವಾರ ಬೆಳಿಗ್ಗೆ ಎರಡು ಜೀಪಿನಲ್ಲಿ ಬಂದರು. ಜಾಗ ನಾನೇ ತೋರಿಸಿದೆ. ಮರಿಗಳು ಈಗ ಬಿಲ ಬಿಟ್ಟು ಹಳ್ಳದ ತಂಗಡಿ ಪೊದೆಗಳಲ್ಲಿ ಇರುತ್ತವೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುವ ಗಾದೆಯಂತೆ ಊರವರೂ ಜಮಾಯಿಸಿದರು. ಅವರನ್ನು ಗದರಿಸಿ ದೂರ ನಿಲ್ಲಿಸಿದೆ. ಬಲೆ ಕಟ್ಟಿ ಓಡಿಸಿದಾಗ ಮೂರು ಬೂದು ಮರಿಗಳು ಸಿಕ್ಕಿದವು. ಕಚ್ಚಲಿಲ್ಲ, ಕೂಗಲಿಲ್ಲ, ಕಣ್ಣು ಬಿಟ್ಟುಕೊಂಡು ಮಲಗಿಬಿಟ್ಟವು. ತಾಯಿ ಏರಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು.

ಕೆಂಚ ನಾನು ನಿಂತಿದ್ದ ಪೊದೆಯ ಒಳಕ್ಕೇ ನುಗ್ಗಿದ. ನನ್ನ ಕಾಲಿನ ಹಿಂದೆ ಅವನ ಉಸಿರು ಕೇಳುತ್ತಿತ್ತು. ಹಿಡಿಯುವವರ ಮುಖ್ಯಸ್ಥ ಬಂದು, "ಸಾರ್, ದಿನಾ ನೋಡಿದೋರು ನೀವು. ನಾಲ್ಕು ಅಂತ ಬರ್ದಿದೆ. ಇನ್ನೊಂದೆಲ್ಲಿ?" ಎಂದ.

"ಹೋದ ತಿಂಗ್ಳೇ ಸತ್ತೋಯ್ತು. ಮೂರೇ ಇರೋದು" ಎಂದೆ.

ನನ್ನ ಮಾತಿನ ಮೇಲೆ ಬರೆದುಕೊಂಡು ಹೋದರು. ಸರ್ವಿಸ್ಸಿನಲ್ಲಿ ಒಂದು ಸುಳ್ಳೂ ಬರೆಯದವನು, ಎಪ್ಪತ್ತರ ಹತ್ತಿರ ಬಂದು ಹೇಳಿದೆ. ಜೀಪು ಹೋದ ಮೇಲೆ ಕರಿಯಮ್ಮ ಹತ್ತಿರ ಬಂದಳು.

"ಸತ್ತಿದ್ದು ನಿಮ್ ಕಾಲ್ ಹಿಂದೇನೆ ಮಲ್ಗೈತಲ್ಲ ಬೀಗ್ರೇ" ಎಂದಳು. ಆಮೇಲೆ ನಗು ಬಿಟ್ಟು ಕೇಳಿದಳು, "ಒಂದ್ ಮರೀಗ್ ಸುಳ್ ಹೇಳೋಕೆ ಇಷ್ಟ್ ಧೈರ್ಯ ಐತೆ. ನಮ್ ಕೂಸಿನ್ ಮುಂದೆ ಒಂದ್ ನಿಜ ಹೇಳೋಕ್ ಇಲ್ವಾ?"

ಮಜ್ಜಿಗೆಯನ್ನೂ ಕುಡಿಯದೆ ಬಂದೆ.

ನಿನ್ನಿಂದ ಮುಚ್ಚಿಡಲಾರೆ, ಅದಕ್ಕೆ ಬರೆದಿದ್ದೇನೆ. ಇನ್ನು ನಿನಗೆ ಬಿಟ್ಟದ್ದು.

ನಿನ್ನ ಅಪ್ಪ


ಧಾರವಾಡ
9 ಮೇ 2025

ಅಪ್ಪಾಜಿ,

ನಾಲ್ಕನೆಯದು ಬದುಕಿದೆ ಎಂದು ಇವತ್ತು ಇಲಾಖೆಗೆ ತಿಳಿಸಿದ್ದೇನೆ. ಸುಳ್ಳು ಹೇಳಿದವರು ನನ್ನ ತಂದೆ ಎಂದೂ ಬರೆದಿದ್ದೇನೆ. ಬರೆಯುವಾಗ ಅಳು ತಡೆಯಲಾಗಲಿಲ್ಲ. ಅದೂ ನಿಮಗೆ ತಿಳಿದಿರಲಿ.

ನಿಮ್ಮ ಮೇಲೆ ಸಿಟ್ಟಿನಿಂದ ಮಾಡಿದ್ದಲ್ಲ. ಒಂದು ಕೆಂಚ ಸಾಕು, ಆ ಅಕ್ಕ ತೋಳದ ಮಕ್ಕಳಿಗೂ ಮೊಮ್ಮಕ್ಕಳಿಗೂ ಅದೇ ಬೆರಕೆ ಹೋಗುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆ ಮರಿಯನ್ನು ಉಳಿಸಿದರೆ ಶರಣ್ಯಾಳಿಗೆ ಮಾಡಿದ್ದು ಸರಿಹೋಗುತ್ತದೆ ಎಂದು ನಿಮ್ಮ ಒಳಗೆ ಎಲ್ಲೋ ಅನಿಸಿದೆ. ಸರಿಹೋಗುವುದಿಲ್ಲ. ಶಾಲೆಯಲ್ಲಿ ಎಲ್ಲರೂ ತಾತನ ಚಿತ್ರ ಬರೆಯಬೇಕಾಗಿ ಬಂದಾಗ ಅವಳು ಬೀರೇಶನ ಚಿತ್ರ ಬರೆದು, ಮೀಸೆಗೆ ಬಿಳಿ ಬಣ್ಣ ಹಚ್ಚಿ ಕೊಟ್ಟು ಬಂದಳು. ಅವಳಿಗೆ ತೋಳ ಬೇಡ ಅಪ್ಪಾಜಿ, ತಾತ ಬೇಕು. ನಿಮ್ಮ ಮನೆಯ ಮುಂದಿನ ಸ್ಟೇಷನ್ನಿನಿಂದ ಧಾರವಾಡಕ್ಕೆ ಅರ್ಧ ದಿನದ ದಾರಿ.

ಸುಮನಾ


ಅಜ್ಜಂಪುರ
20 ಮೇ 2025

ಮಗಳೇ ಸುಮನಾ,

ಶುಕ್ರವಾರ ಮತ್ತೆ ಬಂದರು. ಮುಖ್ಯಸ್ಥ ನನ್ನ ಮುಖ ನೋಡಲಿಲ್ಲ. ನಾನೇ ಹೋಗಿ, "ಅವತ್ತು ಸುಳ್ಳು ಹೇಳ್ದೆ ಕಣಪ್ಪ, ತಪ್ಪಾಯ್ತು" ಎಂದೆ. ಕೆಂಚನ ಜಾಗ ತೋರಿಸಿದೆ. ಒಬ್ಬನೇ ಉಳಿದಿದ್ದ, ಹೆಚ್ಚು ಓಡಲಿಲ್ಲ. ಬೋನಿಗೆ ಹಾಕುವಾಗ ನನ್ನ ವಾಸನೆ ಹಿಡಿದು ಒಂದು ಸಲ ತಲೆ ಎತ್ತಿದ. ಜೀಪಿನ ಹಿಂದೆ ತಾಯಿ ಬಂತು, ಓಡದೆ, ನಡೆದೇ ಬಂತು. ಟಾರು ರಸ್ತೆ ಸಿಕ್ಕಿದ ಕಡೆ ನಿಂತಿತು. ಜೀಪು ಕಾಣದಾದ ಮೇಲೂ ಅಲ್ಲೇ ಇತ್ತು.

ನೀನು ಮಾಡಿದ್ದು ಸರಿ.

ಒಂದು ವಿಷಯ ನಿನಗೆ ಹೇಳಬೇಕು. ತಳಿಗೆ ಸೇರದ ಕರುವನ್ನು ಮಂದೆಯಿಂದ ಬೇರೆ ಮಾಡಿ ಕಳಿಸಿದಾಗ ಹಸು ಎರಡು ಮೂರು ದಿನ ಕೂಗುತ್ತಿತ್ತು. ಕೆಲಸದವರು ಮರುಗಿದರೆ, ಕೂಗಲಿ ಬಿಡ್ರೋ, ನಾಲ್ಕನೇ ದಿನ ಸುಮ್ಮನಾಗ್ತದೆ ಎನ್ನುತ್ತಿದ್ದೆ. ಸುಮ್ಮನಾಗುತ್ತಿತ್ತು. ಮರೆಯಿತು ಎಂದುಕೊಳ್ಳುತ್ತಿದ್ದೆ. ನೀನು ಆರು ವರ್ಷ ಸುಮ್ಮನಿದ್ದೆ, ಅದನ್ನೂ ಹಾಗೇ ತಿಳಿದೆ. ಮೊನ್ನೆ ಆ ತೋಳ ಸದ್ದಿಲ್ಲದೆ ನಿಂತದ್ದನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು. ನನ್ನನ್ನು ಕ್ಷಮಿಸು ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ. ಬೀರೇಶರನ್ನು ಎದುರಿಗೇ ಕೇಳುತ್ತೇನೆ.

ಭಾನುವಾರದ ರೈಲಿಗೆ ಹೊರಡುತ್ತಿದ್ದೇನೆ. ಬೀಗಿತಿ ಕರಿಯಮ್ಮನೂ ಬರುತ್ತಾರೆ. ಒಬ್ಬನನ್ನೇ ಬಿಟ್ಟರೆ ಮುಂದಿನ ಸ್ಟೇಷನ್ನಿಗೋ ಹುಬ್ಬಳ್ಳಿಗೋ ಇಳಿದು ವಾಪಸ್ ಓಡಿಬಿಡುತ್ತೇನೆ ಎಂದು ಅವರಿಗೆ ಅನುಮಾನ. ನನಗೂ ಅನುಮಾನವೇ.

ಶರಣ್ಯಾ ನನ್ನನ್ನು ನೋಡಿ ಇವರು ಯಾರು ಎಂದು ಕೇಳುತ್ತಾಳೆ. ನೀನು ಹೇಳಬೇಡ, ಬೀರೇಶರೂ ಹೇಳುವುದು ಬೇಡ. ಅವಳು ಮೂರು ತಿಂಗಳ ಕೂಸಾಗಿದ್ದಾಗ ನಾನು ಅವಳ ಬಗ್ಗೆ ಏನು ಬರೆದೆ, ಅದು ಹೇಗೆ ಸುಳ್ಳು ಎಂದು ಅವಳಿಗೆ ತಿಳಿಯುವ ಮಾತಿನಲ್ಲಿ ಮೊದಲು ನಾನೇ ಹೇಳುತ್ತೇನೆ. ಅದನ್ನು ಕೇಳಿದ ಮೇಲೂ ಅವಳು ಓಡಿಹೋಗದೆ ನನ್ನ ಎದುರು ನಿಂತಿದ್ದರೆ, ನಾನು ಅವಳ ತಾತ ಎಂದು ಆಗ ಹೇಳುತ್ತೇನೆ.

ನಿನ್ನ ಅಪ್ಪ
ವಿಶ್ವಾರಾಧ್ಯ